ಸುರಂಗದ ಬಾವಲಿ, ಸೋಲಾರ್ ಬೇಲಿಯ ಟಿಕ್ ಟಿಕ್

ನಮ್ಮ ಕಿವಿಗೆ ಕೇಳದ ಬಾವಲಿ ಕೂಗು ಹಿಡಿಯಲು ಇಟ್ಟ ರೆಕಾರ್ಡರಿನಲ್ಲಿ ರಾತ್ರಿಯಿಡೀ ಬರುತ್ತಿದ್ದ ಆ ಟಿಕ್ ಟಿಕ್ ಅಂತೂ ನಿಂತಿತು ಮಾರಾಯ್ರೇ! ಕಾಸರಗೋಡಿನ ಪೆರ್ಲದ ನಮ್ಮ ಗುಡ್ಡೆಯ ಸುರಂಗದಲ್ಲಿ ಯಾವ ಬಾವಲಿ ಉಂಟು ಎಂಬುದಕ್ಕೆ ಈಗ ಅರ್ಧ ಉತ್ತರ ಸಿಕ್ಕಿದೆ.

ಆಡಿಯೋಮಾತ್ ಎಂಬ ಆ ಪುಟ್ಟ ರೆಕಾರ್ಡರಿನ ಸೆಟ್ಟಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ಯಾಂಪ್ಲಿಂಗ್ (ಸದ್ದನ್ನು ಅಳೆಯುವ ವೇಗ) 384 ಕಿಲೋಹರ್ಟ್ಜ್, ಮೀಡಿಯಂ ಗೇನ್, ಸುರಂಗದ ಬಾಯಿಯ ಎದುರಿನ ಅಡಿಕೆ ಮರಕ್ಕೆ ಕಟ್ಟಿದ್ದು. ಒಳಗೆ ಇಟ್ಟರೆ ಮುರಕಲ್ಲಿನ ಗೋಡೆಯ ಪ್ರತಿಧ್ವನಿ, ಬಾವಲಿಗಳಿಗೂ ಸುಮ್ನೆ ತೊಂದರೆ. ಈ ಸ್ಪೀಡಿನಲ್ಲಿ ಗಂಟೆಗೆ ಸುಮಾರು 2.8 ಜಿಬಿ ಬೇಕು. ಸದ್ದು ಬಂದಾಗ ಮಾತ್ರ ರೆಕಾರ್ಡ್ ಮಾಡುವ ಟ್ರಿಗರ್ ಹಾಕದೆ ಆಗುವುದಿಲ್ಲ, ಅಲ್ವಾ? ಕಿರಿಕಿರಿ ಶುರುವಾದದ್ದೇ ಅಲ್ಲಿ.

ಸದ್ದಿನ ಚಿತ್ರ, ಅಂದರೆ ಸ್ಪೆಕ್ಟ್ರೋಗ್ರಾಮ್ ತೆರೆದರೆ ಹೆಚ್ಚುಕಡಿಮೆ ಸೆಕೆಂಡಿಗೊಂದು ನೆಟ್ಟಗಿನ ಗೆರೆ. 60 ಕಿಲೋಹರ್ಟ್ಜ್‌ವರೆಗೆ ದಪ್ಪ, ಮೇಲೆ 90ರ ತನಕ ಮಸುಕು. ಸಂಜೆ ಶುರು, ಬೆಳಿಗ್ಗೆ ಬಂದ್. ಫ್ರೀಕ್ವೆನ್ಸಿ ಟ್ರಿಗರ್ 80ಕ್ಕೆ ಇಟ್ಟರೂ ಅದೇ ಬಂದು ಗುಂಡಿ ಒತ್ತುತ್ತದೆ. ನಡುರಾತ್ರಿಗೇ ಕಾರ್ಡ್ ಫುಲ್.

ಮೊದಲ ಸಂಶಯ ಕಾರ್ಡಿನ ಮೇಲೆ. ಅಗ್ಗದ ಕಾರ್ಡ್ ಬರೆಯುವಾಗ ಕರೆಂಟ್ ಎಳೆದು ರೆಕಾರ್ಡಿಂಗಿಗೆ ಗಲಾಟೆ ಸೇರಿಸುವುದುಂಟು. ಆನ್‌ಲೈನಿನಲ್ಲಿ ತರಿಸಿದ "128 ಜಿಬಿ"ಯನ್ನು ಎಫ್3 ಎಂಬ, ಕಾರ್ಡಿನ ನಿಜವಾದ ಜಾಗ ಅಳೆಯುವ ಸಾಫ್ಟ್‌ವೇರಿನಲ್ಲಿ ಪರೀಕ್ಷಿಸಿದೆ. ಇದ್ದದ್ದು 32! ಮಾರಿದವರು "ಫಾರ್ಮ್ಯಾಟ್ ಮಾಡಿ ನೋಡಿ ಸಾರ್" ಅಂದರು. ವಾಪಸ್ ಕಳಿಸೋಣ ಎಂದರೆ ನಮ್ಮ 671ರ ಪಿನ್‌ಕೋಡಿಗೆ ಪಿಕಪ್ ಇಲ್ಲವಂತೆ. ತಂದುಕೊಡಲಿಕ್ಕೆ ದಾರಿ ಗೊತ್ತು, ತೆಗೆದುಕೊಂಡು ಹೋಗಲಿಕ್ಕೆ ಗೊತ್ತಿಲ್ಲ! ಒಳ್ಳೆಯ ಕಾರ್ಡ್ ಹಾಕಿದರೂ ಗೆರೆ ಹಾಗೇ ಇತ್ತು.

ಇಷ್ಟು ಲೆಕ್ಕದಲ್ಲಿ ಬಡಿಯುವುದು ಈ ಗುಡ್ಡೆಯಲ್ಲಿ ಒಂದೇ: ಕಾಡುಹಂದಿಗೆಂದು ಪಕ್ಕದ ತೋಟದ ಮಾವ ಹಾಕಿದ ಸೋಲಾರ್ ಬೇಲಿ. ಆದರೆ ಬೇಲಿಯ ಕರೆಂಟ್ ಸರ್ಕ್ಯೂಟಿಗೆ ನುಗ್ಗುತ್ತಿದೆಯೋ, ನಿಜವಾದ ಸದ್ದೋ? ಕೇಸಿನ ಮೈಕ್ ತೂತಿಗೆ ಗೋಧಿ ಹಿಟ್ಟಿನ ಉಂಡೆ ಒತ್ತಿದೆ. ಜೀರುಂಡೆಗಳ ಜೊತೆ ಗೆರೆಯೂ ಮಾಯ. ಅಂದರೆ ಸದ್ದೇ. ಎಲ್ಲೋ ಕಿಡಿ ಹಾರುತ್ತಿದೆ.

ಹುಡುಕುವ ಉಪಾಯ ಆ ಗೆರೆಯಲ್ಲೇ ಇತ್ತು. ಫ್ರೀಕ್ವೆನ್ಸಿ ಏರಿದಷ್ಟೂ ಸದ್ದನ್ನು ಗಾಳಿ ಬೇಗ ನುಂಗುತ್ತದೆ. 100 ಕಿಲೋಹರ್ಟ್ಜ್‌ನ ಸದ್ದು ಮೀಟರಿಗೆ ಸುಮಾರು 3 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಹಾಗಾಗಿ ಗೆರೆಯ ತಲೆ ಮೇಲೆ ಹೋದಷ್ಟೂ ಕಿಡಿ ಹತ್ತಿರ. ಆಡಿಯೋಮಾತ್ ಅನ್ನೇ ಫೋನಿನ ಮೈಕ್ ಮಾಡುವ ಯುಎಸ್‌ಬಿ ಮೈಕ್ ಫರ್ಮ್‌ವೇರ್ ಹಾಕಿ, ಒಟಿಜಿ ಕೇಬಲಿನಿಂದ ಫೋನಿಗೆ ಸಿಕ್ಕಿಸಿ, ರಾತ್ರಿ ಬೇಲಿಯುದ್ದಕ್ಕೂ ನಡೆದೆ.

"ಎಂತ ಮಾರಾಯ, ಬಾವಲಿ ನೋಡ್ಲಿಕ್ಕೆ ನನ್ನ ಬೇಲಿ ಯಾಕೆ?" ಮಾವ ಟಾರ್ಚ್ ಹಿಡಿದು ಹಿಂದೆಯೇ ಬಂದರು.

ಗೆರೆ 100 ದಾಟಿತು, 120, ಆಮೇಲೆ ಪರದೆಯ ಮೇಲಿನ ಅಂಚಿಗೇ ತಾಗಿತು. ಟಾರ್ಚ್ ಆರಿಸಲು ಹೇಳಿದೆ. ಒಂದು ಇನ್ಸುಲೇಟರ್ ಸೀಳಿತ್ತು. ತಂತಿಯಿಂದ ಕಬ್ಬಿಣದ ಕಂಬಕ್ಕೆ ನೀಲಿ ಕಿಡಿ, ಚಿಟ್, ಚಿಟ್. ತನ್ನ ಬ್ಯಾಟರಿ ಬೆಳಗಾಗುವ ಮೊದಲೇ ಯಾಕೆ ಇಳಿಯುತ್ತದೆ ಎಂಬುದು ಮಾವನಿಗೂ ಗೊತ್ತಾಯಿತು. ಬೇಲಿಯ ಮೆಷಿನ್ ಬಂದ್ ಮಾಡಿ ಹೊಸ ಇನ್ಸುಲೇಟರ್ ಹಾಕಿದರು. ನನಗೆ ಒಂದು ಗೊನೆ ಕದಳಿ ಸಿಕ್ಕಿತು.

ಈಗ ಫೈಲುಗಳು ಸ್ವಚ್ಛ. ಸ್ಟೇಪ್ಲರ್ ಪಿನ್ನಿನಂತೆ ಎರಡೂ ತುದಿ ಕೆಳಗೆ ಬಾಗಿದ ಉದ್ದ ಗೆರೆ, 82ರ ಆಸುಪಾಸು. ಕುದುರೆಲಾಳ ಬಾವಲಿಯೇ. 80ರ ಸುಮಾರಿಗೆ ಕೂಗುವ ರೈನೋಲೋಫಸ್ ರೌಕ್ಸಿ ಇರಬೇಕು. 2012ರಲ್ಲಿ ಬೇರೆ ಪ್ರಭೇದವೆಂದು ವಿವರಿಸಿದ ಇಂಡೋರೌಕ್ಸಿಯ ಕೂಗು ಇನ್ನೂ ಮೇಲೆ, 90ರ ಹತ್ತಿರ. ಬೇಸಗೆಯಲ್ಲೂ ರೆಕಾರ್ಡ್ ಮಾಡದೆ ಹೆಸರು ಗಟ್ಟಿ ಮಾಡುವುದಿಲ್ಲ.

ಅಲ್ಲಿವರೆಗೆ ಕೈ ಸುಮ್ಮನಿರಬೇಕಲ್ಲ? ಪೀಜೋ ಬಿಲ್ಲೆಯನ್ನು ಮೇಣದಲ್ಲಿ ಅದ್ದಿ ಹೈಡ್ರೋಫೋನ್ (ನೀರಿನೊಳಗಿನ ಮೈಕ್) ಮಾಡಿ ಕೆಳಗಿನ ಮದಕಕ್ಕೆ (ಕೆರೆಗೆ) ಇಳಿಸುವ ಅಂದಾಜು. ನೀರಿನ ಹುಳಗಳು ಏನೆಲ್ಲ ಗಲಾಟೆ ಮಾಡುತ್ತವೆ ನೋಡಬೇಕು. ಬಿಲ್ಲೆಗೆ ಆರ್ಡರ್ ಹಾಕಿದ್ದೇನೆ, ಈ ಸಲ ಮಂಗಳೂರಿನ ಗೆಳೆಯನ ವಿಳಾಸಕ್ಕೆ.