ಗೊಚಾಂಗ್: ಕಲ್ಗೋರಿಗಳ ನಾಡಿನಲ್ಲಿ ಒಂದು ವಸಂತ

ದಕ್ಷಿಣ ಕೊರಿಯಾದ ನೈಋತ್ಯ ಮೂಲೆಯಲ್ಲಿ, ಉತ್ತರ ಜೊಲ್ಲಾ ಪ್ರಾಂತ್ಯದ ದಕ್ಷಿಣದ ಅಂಚಿಗೆ ಸೇರಿದಂತೆ ಗೊಚಾಂಗ್ ಎಂಬ ಗ್ರಾಮೀಣ ಕೌಂಟಿ ಇದೆ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಸೀಮೆಯಲ್ಲಿ ಒಂದು ಪಟ್ಟಣ, ಹದಿಮೂರು ಹೋಬಳಿಗಳು ಮತ್ತು ಐವತ್ತು ಸಾವಿರದ ಆಸುಪಾಸಿನ ಜನರಿದ್ದಾರೆ. ಪೂರ್ವದ ಗಡಿಯಲ್ಲಿ 743 ಮೀಟರ್ ಎತ್ತರದ ಬಾಂಗ್‌ಜಾಂಗ್‌ಸಾನ್ ಬೆಟ್ಟ ನಿಂತಿದೆ. ಅಲ್ಲಿಂದ ಪಶ್ಚಿಮಕ್ಕೆ ನೆಲ ಮೆಲ್ಲನೆ ಇಳಿಯುತ್ತ, ಕೆಮ್ಮಣ್ಣಿನ ದಿಬ್ಬಗಳಾಗಿ, ಭತ್ತದ ಗದ್ದೆಗಳಾಗಿ, ಕೊನೆಗೆ ಹಳದಿ ಸಮುದ್ರದ ಕೆಸರು ಬಯಲಾಗಿ ಮುಗಿಯುತ್ತದೆ. ಉತ್ತರದಲ್ಲಿ ಗೊಮ್ಸೊ ಕೊಲ್ಲಿ ಒಳನಾಡಿನೊಳಕ್ಕೆ ಚಾಚಿಕೊಂಡಿದ್ದು, ಕೌಂಟಿಯ ಮುಖ್ಯ ಹೊಳೆಯಾದ ಜುಜಿನ್‌ಚೊನ್ ಅದನ್ನೇ ಸೇರುತ್ತದೆ. ಬೆಟ್ಟ, ಬಯಲು, ಕಡಲು ಮೂರೂ ಒಂದೇ ದಿನದ ಪ್ರಯಾಣದೊಳಗೆ ಸಿಗುವ ಈ ಇಡೀ ಕೌಂಟಿಯನ್ನು ಯುನೆಸ್ಕೊ 2013ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು.

ಸೋಲ್ ನಗರದ ಯೊಂಗ್ಸಾನ್ ನಿಲ್ದಾಣದಿಂದ ವೇಗದ ರೈಲು ಹಿಡಿದು ಜೊಂಗುಪ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗೊಚಾಂಗ್ ಪಟ್ಟಣಕ್ಕೆ ಬರುವುದು ಸುಲಭದ ದಾರಿ. ನಾನು ಹೋದದ್ದು ಏಪ್ರಿಲ್ ತಿಂಗಳ ಕೊನೆಯಲ್ಲಿ. ಕೊರಿಯಾಕ್ಕೆ ಹೋಗುವ ಭಾರತೀಯರು ಸಾಮಾನ್ಯವಾಗಿ ಸೋಲ್‌ನ ಅರಮನೆಗಳನ್ನೂ ಬುಸಾನಿನ ಕಡಲತೀರವನ್ನೂ ನೋಡಿ ಮರಳುತ್ತಾರೆ. ಅರಸರ ಕೊರಿಯಾವನ್ನು ಅರಿಯಲು ಅದು ಸಾಕಾಗಬಹುದು. ಆದರೆ ಕಲ್ಲು ಎಳೆದವರ, ಉಪ್ಪು ಬೇಯಿಸಿದವರ, ತೆರಿಗೆಯ ಭಾರಕ್ಕೆ ಸಿಡಿದೆದ್ದವರ ಕೊರಿಯಾವನ್ನು ನೋಡಬೇಕೆಂದರೆ ಗೊಚಾಂಗ್‌ನಂಥ ಊರಿಗೇ ಬರಬೇಕು. ಇಲ್ಲಿನ ಹೆಗ್ಗುರುತುಗಳಲ್ಲಿ ಬಹುಪಾಲು ಹೆಸರಿಲ್ಲದ ಜನರ ಕೈಯಿಂದ ಆದವು, ಮತ್ತು ಪ್ರತಿಯೊಂದೂ ತಾನು ನಿಂತ ನೆಲದ ಗುಣಕ್ಕೆ ಋಣಿಯಾಗಿದೆ.

ಪಟ್ಟಣದಿಂದ ಸ್ವಲ್ಪ ದೂರದಲ್ಲಿ, ಜುಂಗ್ನಿಮ್ ಎಂಬ ಹಳ್ಳಿಯ ಬದಿಯ ಗುಡ್ಡಗಳ ದಕ್ಷಿಣದ ತಪ್ಪಲಿನಲ್ಲಿ, ಕಲ್ಗೋರಿಗಳ ಸಾಲು ಶುರುವಾಗುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ, ಸಮುದ್ರಮಟ್ಟದಿಂದ 15ರಿಂದ 50 ಮೀಟರ್ ಎತ್ತರದ ಇಳಿಜಾರಿನಲ್ಲಿ, ನಾನೂರಕ್ಕೂ ಹೆಚ್ಚು ಡಾಲ್ಮೆನ್‌ಗಳು, ಅಂದರೆ ಬಂಡೆ ಹೊದಿಸಿದ ಪ್ರಾಚೀನ ಗೋರಿಗಳು, ಹರಡಿಕೊಂಡಿವೆ. ಹತ್ತು ಟನ್ ತೂಕದ ಕಲ್ಲುಗಳಿಂದ ಹಿಡಿದು ಮುನ್ನೂರು ಟನ್ ತೂಗಬಹುದೆಂದು ಅಂದಾಜಿಸಲಾದ ಬಂಡೆಯವರೆಗೆ ಎಲ್ಲ ಗಾತ್ರದವೂ ಇವೆ. ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಇಲ್ಲಿ ಬೇಸಾಯ ಮಾಡಿಕೊಂಡಿದ್ದ ಜನ ತಮ್ಮ ಸತ್ತವರಿಗಾಗಿ ಇವನ್ನು ನಿಲ್ಲಿಸಿದರು. ಹ್ವಾಸುನ್ ಮತ್ತು ಗಂಗ್ಹ್ವಾದ ಕಲ್ಗೋರಿಗಳ ಜೊತೆಗೆ ಗೊಚಾಂಗ್‌ನವೂ 2000ನೇ ಇಸವಿಯಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು.

ಈ ತಾಣದ ಹೆಚ್ಚುಗಾರಿಕೆ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಎತ್ತರದ ಎರಡು ಚಪ್ಪಡಿಗಳನ್ನು ನೆಟ್ಟು ಅವುಗಳ ಮೇಲೆ ಮೇಜಿನಂತೆ ಮತ್ತೊಂದನ್ನು ಹೊದಿಸುವ ಪದ್ಧತಿ ಕೊರಿಯಾದ ಉತ್ತರ ಭಾಗದ್ದು. ಶವವನ್ನು ನೆಲದಡಿ ಹೂತು, ಸುತ್ತ ಗಿಡ್ಡ ಕಲ್ಲುಗಳನ್ನಿಟ್ಟು, ಮೇಲೆ ದಪ್ಪ ಬಂಡೆಯನ್ನು ಕೂರಿಸುವ ಪದ್ಧತಿ ದಕ್ಷಿಣದ್ದು. ಗೊಚಾಂಗ್‌ನಲ್ಲಿ ಈ ಎರಡೂ ಬಗೆಗಳು, ಅವೆರಡರ ನಡುವಿನ ರೂಪಗಳ ಸಮೇತ, ಒಂದೇ ಇಳಿಜಾರಿನಲ್ಲಿ ಅಕ್ಕಪಕ್ಕದಲ್ಲಿ ಇವೆ. ತಪ್ಪಲಿನಿಂದ ಗುಡ್ಡ ಹತ್ತಿದರೆ ಕಲ್ಲು ತೆಗೆದ ಜಾಗಗಳೂ ಕಾಣಸಿಗುತ್ತವೆ. ಸಾಮಾನ್ಯವಾಗಿ ಪ್ರಾಚೀನ ಸ್ಮಾರಕದ ಮುಂದೆ ನಿಂತಾಗ ಕಲ್ಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಊಹೆಯಲ್ಲೇ ಉಳಿಯುತ್ತದೆ. ಇಲ್ಲಿ ಬಂಡೆಯನ್ನು ಸೀಳಿದ ಗುಡ್ಡ, ಅದನ್ನು ಇಳಿಸಿದ ಇಳಿಜಾರು, ಅದು ಬಂದು ನೆಲೆಸಿದ ಜಾಗ ಮೂರನ್ನೂ ನಡೆದೇ ನೋಡಬಹುದು. ಕಲ್ಲು ಹೇರಳವಾಗಿದ್ದ ಗುಡ್ಡದ ಬುಡದಲ್ಲೇ ಉಳುವ ಬಯಲೂ ಇದ್ದುದರಿಂದ, ಇಷ್ಟು ಜನರನ್ನು ಒಟ್ಟುಗೂಡಿಸಿ ಹಗ್ಗ ಹಿಡಿಸುವಷ್ಟು ದವಸ ಈ ಸಮಾಜದ ಕೈಯಲ್ಲಿತ್ತು ಎಂಬುದು ಆ ಇಳಿಜಾರಿನಲ್ಲಿ ನಿಂತು ಗದ್ದೆಗಳ ಕಡೆ ನೋಡಿದಾಗ ತಾನಾಗಿ ಮನವರಿಕೆಯಾಗುತ್ತದೆ.

ಕನ್ನಡಿಗರಿಗೆ ಇಲ್ಲಿ ನೆನಪಾಗುವುದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್. ಗಂಗಾವತಿಯ ಹತ್ತಿರದ ಆ ಬೆಟ್ಟದ ಮೇಲೂ ನೂರಾರು ಕಲ್ಗೋರಿಗಳಿವೆ. ಅವುಗಳಲ್ಲಿ ಹಲವು ತೆಳ್ಳನೆಯ ಚಪ್ಪಡಿಗಳಿಂದ ಕಟ್ಟಿದ, ಮುಂಭಾಗದಲ್ಲಿ ದುಂಡು ಕಿಂಡಿ ಕೊರೆದ ಕೋಣೆಗಳು. ಗೊಚಾಂಗ್‌ನ ಬಂಡೆಗಳಲ್ಲಿ ಆ ಕಿಂಡಿಯಾಗಲಿ ಆ ತೆಳುವಾಗಲಿ ಇಲ್ಲ, ಇಲ್ಲಿನದು ತೂಕದ ವಾಸ್ತು. ಹಿರೇಬೆಣಕಲ್ ಈಗ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ಗೊಚಾಂಗ್‌ನವರು ಕಲ್ಗೋರಿಗಳ ನಡುವೆ ಕಾಲುದಾರಿಗಳನ್ನು ಮಾಡಿ, ಬದಿಯಲ್ಲೇ ವಸ್ತುಸಂಗ್ರಹಾಲಯವನ್ನು ಕಟ್ಟಿ, ಒಂದೊಂದು ಕಲ್ಲಿಗೂ ಸಂಖ್ಯೆ ಕೊಟ್ಟು ಕಾಪಾಡಿರುವ ರೀತಿಯನ್ನು ನಮ್ಮ ಪುರಾತತ್ವ ಪ್ರಿಯರು ಒಮ್ಮೆ ಬಂದು ನೋಡಲೇಬೇಕು ಎಂಬುದು ನನ್ನ ಮನಃಪೂರ್ವಕ ಆಸೆ.

ಗುಡ್ಡದ ಆಚೆ ಬದಿಗೆ ಇಳಿದರೆ ಉಂಗೊಕ್ ಕಣಿವೆ. 1980ರ ದಶಕದ ಆರಂಭದಲ್ಲಿ, ದಕ್ಷಿಣದ ನೆರೆ ಕೌಂಟಿಯಾದ ಯೊಂಗ್‌ಗ್ವಾಂಗ್‌ನ ಅಣುವಿದ್ಯುತ್ ಸ್ಥಾವರಕ್ಕೆ ನೀರು ಒದಗಿಸಲೆಂದು ಇಲ್ಲಿ ಜಲಾಶಯ ಕಟ್ಟಿದಾಗ, ಕಣಿವೆಯ ಹಳ್ಳಿಗಳ ಜನ ಮನೆ ಮಠ ಬಿಟ್ಟು ಹೊರಡಬೇಕಾಯಿತು. ಅವರು ಬಿಟ್ಟುಹೋದ ಮೆಟ್ಟಿಲು ಗದ್ದೆಗಳನ್ನು ಮತ್ತೆ ಯಾರೂ ಉಳಲಿಲ್ಲ. ಬದುಗಳು ಕುಸಿದು, ನೀರು ನಿಂತು, ಜೊಂಡು ಬೆಳೆದು, ವರ್ಷಗಳು ಕಳೆದಂತೆ ಅದೊಂದು ಜೌಗು ಕಾಡಾಯಿತು. ನೀರುನಾಯಿ, ಚಿರತೆ ಬೆಕ್ಕುಗಳು ಬಂದು ನೆಲೆಸಿದವು. 2011ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈ ಜೌಗಿನ ಮೇಲೆ ಹಾಕಿರುವ ಮರದ ಕಾಲುದಾರಿ ಒಬ್ಬರು ಮಾತ್ರ ನಡೆಯುವಷ್ಟು ಕಿರಿದು, ಮತ್ತು ಕೆಳಗಿನ ಗಿಡಗಳಿಗೆ ಬಿಸಿಲು ತಾಕಲೆಂದು ಹಲಗೆಗಳ ನಡುವೆ ಸಂದು ಬಿಡಲಾಗಿದೆ. ಜನರನ್ನು ಒಕ್ಕಲೆಬ್ಬಿಸಿದ ಯೋಜನೆಯ ಪರಿಣಾಮವಾಗಿ ಕಾಡು ಮರಳಿ ಬಂದಿದೆ ಎಂದು ಸಂತೋಷಪಡುವಾಗ ಆ ಕುಟುಂಬಗಳನ್ನು ಮರೆಯಬಾರದು. ನಡೆಯುವ ದಾರಿಯುದ್ದಕ್ಕೂ ಅವರ ಗದ್ದೆಯ ಬದುಗಳ ಗುರುತು ಇನ್ನೂ ಉಳಿದಿದೆ. ಮುನ್ನೂರು ಟನ್ನಿನದೆಂದು ಹೇಳಿದ ಮಹಾಬಂಡೆ ಇರುವುದೂ ಈ ಕಣಿವೆಯಲ್ಲೇ. ಆಳೆತ್ತರಕ್ಕಿಂತ ಎಷ್ಟೋ ಮೇಲಕ್ಕೆ ನಿಂತ ಆ ಕಲ್ಲಿನ ಸುತ್ತ ಒಂದು ಸುತ್ತು ಬರುವುದಕ್ಕೇ ಸ್ವಲ್ಪ ಹೊತ್ತು ಬೇಕು.

ಗೊಚಾಂಗ್ ಪಟ್ಟಣದ ಹೆಮ್ಮೆಯೆಂದರೆ ಮೊಯಾಂಗ್‌ಸೊಂಗ್ ಎಂದೂ ಕರೆಯುವ ಕಲ್ಲಿನ ಕೋಟೆ. ಜೊಸೊನ್ ಅರಸರ ಕಾಲದಲ್ಲಿ, 1453ರಲ್ಲಿ, ಕಡಲ ಕಡೆಯಿಂದ ಬರುವ ಜಪಾನಿ ದಾಳಿಕಾರರನ್ನು ತಡೆಯಲು ಇದನ್ನು ಕಟ್ಟಲಾಯಿತೆಂದು ನಂಬಲಾಗಿದೆ. 1,684 ಮೀಟರ್ ಸುತ್ತಳತೆ, ನಾಲ್ಕರಿಂದ ಆರು ಮೀಟರ್ ಎತ್ತರ, ಮೂರು ಬಾಗಿಲುಗಳು. ಪ್ರತಿ ಬಾಗಿಲಿನ ಮುಂದೆ ಶತ್ರುವನ್ನು ಸುತ್ತುಗಟ್ಟಲು ಅರ್ಧಚಂದ್ರಾಕಾರದ ಹೊರಗೋಡೆ. ಗೋಡೆಯ ಕೆಲವು ಕಲ್ಲುಗಳಲ್ಲಿ ಜೊಲ್ಲಾ ಪ್ರಾಂತ್ಯದ ಬೇರೆ ಬೇರೆ ಸೀಮೆಗಳ ಹೆಸರುಗಳನ್ನು ಕೆತ್ತಲಾಗಿದೆ. ಯಾವ ಸೀಮೆಯ ಆಳುಗಳು ಎಲ್ಲಿಂದ ಎಲ್ಲಿಯವರೆಗೆ ಕಟ್ಟಿದರೆಂಬುದರ ಗುರುತು ಅದು. ದೂರದ ಜೆಜು ದ್ವೀಪದ ಹೆಸರೂ ಅವುಗಳಲ್ಲಿದೆ. ಸಾಲದ್ದಕ್ಕೆ ಹಳೆಯ ಬೌದ್ಧ ದೇವಾಲಯಗಳ ಕಲ್ಲುಗಳನ್ನೂ ತಂದು ಈ ಗೋಡೆಗೆ ಸೇರಿಸಿದ್ದಾರೆ. ಒಳಗಿನ ಕಚೇರಿ ಕಟ್ಟಡಗಳು ಯುದ್ಧಗಳಲ್ಲಿ ನಾಶವಾಗಿ, 1976ರಿಂದ ಒಂದೊಂದಾಗಿ ಮತ್ತೆ ಎದ್ದಿವೆ. ಮರುನಿರ್ಮಾಣದ ಕಟ್ಟಡಗಳು ಅಚ್ಚುಕಟ್ಟಾಗಿವೆ, ಆದರೆ ನನ್ನ ಮನಸ್ಸು ನಿಂತದ್ದು ಗೋಡೆಯ ಮೇಲೆಯೇ.

ಆ ಗೋಡೆಗೊಂದು ಆಚರಣೆಯಿದೆ. ನಮ್ಮ ಅಧಿಕಮಾಸದಂತೆಯೇ ಕೊರಿಯಾದ ಚಾಂದ್ರಮಾನ ಪಂಚಾಂಗದಲ್ಲೂ ಬರುವ ಹೆಚ್ಚಿನ ತಿಂಗಳಲ್ಲಿ, ಹೆಂಗಸರು ತಲೆಯ ಮೇಲೆ ಕಲ್ಲು ಹೊತ್ತು ಕೋಟೆಗೋಡೆಯ ಮೇಲೆ ಪ್ರದಕ್ಷಿಣೆ ಬರುತ್ತಿದ್ದರು. ಒಂದು ಸುತ್ತು ಬಂದರೆ ಕಾಲುನೋವು ವಾಸಿಯಾಗುತ್ತದೆ, ಎರಡು ಸುತ್ತಿಗೆ ರೋಗವಿಲ್ಲದ ದೀರ್ಘಾಯುಸ್ಸು, ಮೂರು ಸುತ್ತಿಗೆ ಸ್ವರ್ಗ ಎಂಬ ನಂಬಿಕೆ. ಹೀಗೆ ನಡೆದವರ ಭಾರದಿಂದ ಗೋಡೆಯ ಮಣ್ಣು ಗಟ್ಟಿಯಾಗುತ್ತಿತ್ತು, ಹೊತ್ತು ತಂದ ಕಲ್ಲುಗಳು ಬಾಗಿಲಿನ ಬಳಿ ರಾಶಿಯಾಗಿ ದಾಳಿಯ ಹೊತ್ತಿಗೆ ಆಯುಧವಾಗುತ್ತಿದ್ದವು ಎಂದು ವಿವರಿಸುತ್ತಾರೆ. ಈ ಕೋಟೆಯನ್ನು ಹೆಂಗಸರೇ ಕಟ್ಟಿದರೆಂಬ ಐತಿಹ್ಯವೂ ಊರಿನಲ್ಲಿದೆ. ಈಗ ಶರತ್ಕಾಲದ ಮೊಯಾಂಗ್‌ಸೊಂಗ್ ಉತ್ಸವದಲ್ಲಿ ಸಾಂಪ್ರದಾಯಿಕ ಉಡುಗೆ ತೊಟ್ಟ ಹೆಂಗಸರು ಕಲ್ಲು ಹೊತ್ತು ಸಾಲಾಗಿ ನಡೆಯುತ್ತಾರೆ. ನಾನು ಹೋದಾಗ ಉತ್ಸವವಿರಲಿಲ್ಲ. ಗೋಡೆಯ ಬುಡದುದ್ದಕ್ಕೂ ಅಜೇಲಿಯಾ ಹೂಗಳು ಕೆಂಪಗೆ ಅರಳಿದ್ದವು, ಮತ್ತು ವಯಸ್ಸಾದ ಕೆಲವರು ಕಲ್ಲಿಲ್ಲದೆಯೇ ತಮ್ಮ ಬೆಳಗಿನ ಸುತ್ತನ್ನು ಮುಗಿಸುತ್ತಿದ್ದರು.

ಕೋಟೆಯ ಬಾಗಿಲಿನ ಎದುರಿಗೆ ಹುಲ್ಲು ಹೊದಿಸಿದ ಒಂದು ಮನೆಯಿದೆ. ಅದು ಶಿನ್ ಜೆ-ಹ್ಯೊ ಅವರದು. ಒಬ್ಬ ಗಾಯಕ ಅಥವಾ ಗಾಯಕಿ, ಒಬ್ಬ ಡೋಲು ವಾದಕ, ಗಂಟೆಗಟ್ಟಲೆ ನಡೆಯುವ ಕಥನ: ಇದು ಪಾನ್ಸೊರಿ. ಜಾತ್ರೆ, ಸಂತೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಈ ಕಲೆಯ ಪಾಠಗಳನ್ನು ಆರು ಕಥೆಗಳಾಗಿ ಪರಿಷ್ಕರಿಸಿ ಬರೆದಿಟ್ಟವರು ಶಿನ್. 1812ರಿಂದ 1884ರವರೆಗೆ ಬದುಕಿದ್ದ ಅವರು ಅರಸು ಮನೆತನದವರಲ್ಲ, ಸ್ಥಳೀಯ ಕಚೇರಿಯ ಗುಮಾಸ್ತರ ವಂಶದವರು. ಗಾಯಕರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಅನ್ನವಿಕ್ಕಿ ಕಲಿಸಿದರು. ಗಂಡಸರದೇ ಆಗಿದ್ದ ಈ ಕಲೆಗೆ ಜಿನ್ ಚೆ-ಸೊನ್ ಎಂಬ ಹೆಣ್ಣುಮಗಳನ್ನು ತಯಾರು ಮಾಡಿ, ಸೋಲ್‌ನ ಅರಮನೆಯ ಮರುನಿರ್ಮಾಣದ ಸಂಭ್ರಮದಲ್ಲಿ ಹಾಡಲು ಕಳಿಸಿದರು. ಮೊದಲ ಪಾನ್ಸೊರಿ ಗಾಯಕಿಯೆಂದು ಚರಿತ್ರೆ ಅವರನ್ನು ನೆನೆಯುತ್ತದೆ. ಆರರಲ್ಲಿ ಐದು ಕಥೆಗಳು ಇಂದಿಗೂ ಹಾಡಿಕೆಯಲ್ಲಿವೆ. ಪಕ್ಕದ ಪಾನ್ಸೊರಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕೇಳಬಹುದು. ಒರಟಾದ, ಗಂಟಲು ಸೀಳಿಕೊಂಡು ಬರುವಂಥ ಆ ದನಿ ಮೊದಲಿಗೆ ಕಿವಿಗೆ ಕಠಿಣವೆನಿಸಿದರೂ, ಸ್ವಲ್ಪ ಹೊತ್ತಿಗೆ ಎದ್ದುಬರಲು ಮನಸ್ಸಾಗುವುದಿಲ್ಲ.

ಪಟ್ಟಣದ ವಾಯುವ್ಯಕ್ಕೆ ಸೊನುನ್‌ಸಾನ್ ಬೆಟ್ಟ. ಎತ್ತರ 336 ಮೀಟರ್ ಮಾತ್ರ, ಆದರೆ ಕಡಲಿಗೆ ಹತ್ತಿರವಿರುವ ಕಡಿದಾದ ಬಂಡೆಗಳಿಂದಾಗಿ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದರ ಮಡಿಲಿನ ಸೊನುನ್ಸಾ ದೇವಾಲಯವನ್ನು ಬೆಕ್ಜೆ ರಾಜ್ಯದ ಕಾಲದಲ್ಲಿ, 577ರಲ್ಲಿ, ಗೊಮ್ದಾನ್ ಎಂಬ ಭಿಕ್ಷು ಸ್ಥಾಪಿಸಿದರೆಂಬುದು ಸಂಪ್ರದಾಯ. ಹದಿನಾರನೆಯ ಶತಮಾನದ ಕೊನೆಯ ಜಪಾನಿ ಆಕ್ರಮಣದಲ್ಲಿ ಸುಟ್ಟುಹೋಗಿ, ಹದಿನೇಳನೆಯ ಶತಮಾನದಲ್ಲಿ ಅದು ಮತ್ತೆ ಮೇಲೆದ್ದಿತು. ಮುಖ್ಯ ಗುಡಿಯ ಹಿಂದಿನ ಇಳಿಜಾರಿನಲ್ಲಿ ಸುಮಾರು ಐನೂರು ವರ್ಷ ಹಳೆಯದೆನ್ನಲಾದ ಕ್ಯಾಮೆಲಿಯಾ ತೋಪು ಇದೆ. ಕಾಡುಗಿಚ್ಚು ಗುಡಿಗೆ ತಗುಲದಂತೆ ತಡೆಯುವುದಕ್ಕೂ ಬೀಜದ ಎಣ್ಣೆಗೂ ಈ ಮರಗಳನ್ನು ಬೆಳೆಸಿದರೆಂದು ಹೇಳುತ್ತಾರೆ. ಈ ಮರ ಬೆಳೆಯುವ ಉತ್ತರದ ಎಲ್ಲೆಗೆ ಹತ್ತಿರವಿರುವುದರಿಂದ ಇಲ್ಲಿ ಹೂ ತಡವಾಗಿ ಬಿಡುತ್ತದೆ. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ನೆಲದ ತುಂಬ ಕೆಂಪು ಹೂಗಳು ಇಡಿಯಾಗಿ ಉದುರಿ ಬಿದ್ದಿದ್ದವು. ಎದುರಿನ ಮಾನ್ಸೆರು ಮಂಟಪವನ್ನು ಯಾತ್ರಿಕರು ಬೇಗ ದಾಟಿಹೋಗುತ್ತಾರೆ, ಅದು ಸರಿಯಲ್ಲ. ಬಾಗಿದ ಮರಗಳನ್ನು ನೇರಗೊಳಿಸದೆ ಹಾಗೆಯೇ ತೊಲೆಗಳಾಗಿ ಬಳಸಿದ, ತುಂಡುಗಳನ್ನು ಬೆಸೆದು ಕಂಬ ನಿಲ್ಲಿಸಿದ ಈ ಕಟ್ಟಡದಲ್ಲಿ, ಒಳ್ಳೆಯ ಮರ ಸಿಗದ ಕಾಲದ ಬಡಗಿಗಳ ಜಾಣ್ಮೆ ಪೂರ್ತಿಯಾಗಿ ಬೆಳಕಿಗೆ ಬಂದಿದೆ.

ಗೊಮ್ದಾನ್ ಭಿಕ್ಷು ಇಲ್ಲಿನ ದರೋಡೆಕೋರರಿಗೆ ಕಡಲ ನೀರಿನಿಂದ ಉಪ್ಪು ಮಾಡುವುದನ್ನು ಕಲಿಸಿ ದಾರಿಗೆ ತಂದರು, ಕೃತಜ್ಞತೆಗಾಗಿ ಅವರು ವರ್ಷವರ್ಷವೂ ದೇವಾಲಯಕ್ಕೆ ಉಪ್ಪು ಒಪ್ಪಿಸುತ್ತಿದ್ದರು ಎಂಬ ಕಥೆಯನ್ನು ಗೊಮ್ಸೊ ಕೊಲ್ಲಿಯ ದಡದ ಹಳ್ಳಿಗಳು ಈಗಲೂ ಜತನವಾಗಿ ಹೇಳುತ್ತವೆ. ಆ ದಡದಲ್ಲಿ ಇಳಿತದ ಹೊತ್ತಿಗೆ ನೀರು ಕಣ್ಣಿಗೆಟುಕದಷ್ಟು ದೂರ ಸರಿದು, ಬೂದು ಬಣ್ಣದ ಬಯಲು ತೆರೆದುಕೊಳ್ಳುತ್ತದೆ. ಹಾಜೊನ್ ಹಳ್ಳಿಯವರು ಟ್ರ್ಯಾಕ್ಟರುಗಳಿಗೆ ಬಂಡಿ ಕಟ್ಟಿಕೊಂಡು ಆ ಕೆಸರಿನ ಮೇಲೆ ಹೋಗಿ ಚಿಪ್ಪುಮೀನು ಬಾಚಿ ತರುತ್ತಾರೆ. ವಲಸೆ ಹಕ್ಕಿಗಳ ತಂಗುದಾಣವೂ ಆಗಿರುವ ಈ ಬಯಲು 2021ರಲ್ಲಿ ಕೊರಿಯಾದ ಇತರ ಕೆಸರು ಬಯಲುಗಳೊಂದಿಗೆ ವಿಶ್ವ ಪರಂಪರೆಯ ತಾಣವಾಯಿತು. ಹೊಳೆಯ ಸಿಹಿನೀರು ಉಬ್ಬರದ ಉಪ್ಪುನೀರನ್ನು ಸಂಧಿಸುವ ಜಾಗದ ಹಾವುಮೀನನ್ನು ಕೆಂಡದ ಮೇಲೆ ಸುಟ್ಟು, ಇಲ್ಲಿನ ಕೆಮ್ಮಣ್ಣಿನಲ್ಲಿ ಬೆಳೆದ ಕಪ್ಪು ರಾಸ್‌ಬೆರಿಯ ಮದ್ಯದ ಜೊತೆ ಬಡಿಸುವುದು ಸೊನುನ್ಸಾದ ದಾರಿಯ ಊಟದ ಮನೆಗಳ ವಾಡಿಕೆ.

ದೇವಾಲಯದಿಂದ ಕಣಿವೆಯ ದಾರಿಯಲ್ಲಿ ಮೇಲೇರಿದರೆ ದೊಸೊರಾಮ್ ಆಶ್ರಮದ ಬಳಿ, ಕಡಿಬಂಡೆಯ ಮೇಲೆ, ಜೊಸೊನ್‌ಗೂ ಹಿಂದಿನ ಗೊರ್ಯೊ ಅರಸರ ಕಾಲದ್ದೆನ್ನಲಾದ 15.7 ಮೀಟರ್ ಎತ್ತರದ ಬುದ್ಧನ ಉಬ್ಬುಶಿಲ್ಪವಿದೆ. ಲಾವಣ್ಯವನ್ನು ಹುಡುಕಿ ಬಂದವರಿಗೆ ಅದು ನಿರಾಸೆ ತರಬಹುದು: ಚಪ್ಪಟೆ ಮುಖ, ಬಿಗಿದ ತುಟಿ, ಮೇಲಕ್ಕೆ ಎಳೆದ ಕಣ್ಣುಗಳು. ಎದೆಯ ಕೆಳಗೆ ಒಂದು ಚೌಕ ಗೂಡಿದ್ದು, ಅದನ್ನು ಗಾರೆಯಿಂದ ಮುಚ್ಚಿದ ಗುರುತು ಕಾಣುತ್ತದೆ. ಅದರೊಳಗೆ ಗುಪ್ತ ಗ್ರಂಥವೊಂದಿದೆ, ಅದು ಹೊರಬಂದ ದಿನ ರಾಜ್ಯ ಬದಲಾಗುತ್ತದೆ ಎಂದು ಜನ ನಂಬಿದ್ದರು. ಪ್ರಾಂತ್ಯದ ರಾಜ್ಯಪಾಲ ಯಿ ಸೊ-ಗು ಒಮ್ಮೆ ಅದನ್ನು ತೆರೆಸಲು ಹೋದಾಗ ಸಿಡಿಲು ಗುಡುಗಿತೆಂದೂ ಆತ ಹೆದರಿ ಮತ್ತೆ ಮುಚ್ಚಿಸಿದನೆಂದೂ ಕಥೆಯಿದೆ. 1892ರಲ್ಲಿ, ಆಗ ರೈತರ ನಡುವೆ ಹಬ್ಬುತ್ತಿದ್ದ ದೊಂಗ್‌ಹಾಕ್ ಎಂಬ ಹೊಸ ಧಾರ್ಮಿಕ ಪಂಥದ ಮುಂದಾಳು ಸೊನ್ ಹ್ವಾ-ಜುಂಗ್ ಅವರ ಕಡೆಯವರು ಆ ಗ್ರಂಥವನ್ನು ತೆಗೆದುಕೊಂಡರೆಂಬ ಸುದ್ದಿ ಹಬ್ಬಿ, ಸಾವಿರಾರು ರೈತರು ಪಂಥದತ್ತ ತಿರುಗಿದರು. ಗೂಡಿನಲ್ಲಿ ಏನಿತ್ತೆಂಬುದಕ್ಕಿಂತ, ಹಸಿದ ಜನ ಅಲ್ಲಿ ಏನಿರಬೇಕೆಂದು ಬಯಸಿದ್ದರೆಂಬುದೇ ಮುಖ್ಯ.

ಏಕೆ ಹಸಿದಿದ್ದರೆಂಬುದನ್ನು ಭೂಗೋಳವೇ ತಿಳಿಸುತ್ತದೆ. ಜೊಲ್ಲಾದ ಬಯಲುಗಳು ಕೊರಿಯಾದ ಭತ್ತದ ಕಣಜ. ತೆರಿಗೆಯ ಮೊದಲ ಕಣ್ಣು ಬೀಳುತ್ತಿದ್ದುದೂ ಅವುಗಳ ಮೇಲೆಯೇ. 1894ರ ವಸಂತದಲ್ಲಿ, ನೆರೆಯ ಗೊಬುವಿನ ಅಧಿಕಾರಿಯ ಸುಲಿಗೆಯ ವಿರುದ್ಧ ಎದ್ದಿದ್ದ ದೊಂಗ್‌ಹಾಕ್ ಮುಂದಾಳು ಜೊನ್ ಬೊಂಗ್-ಜುನ್ ಈ ಕೌಂಟಿಯ ಮುಜಾಂಗ್ ಸೀಮೆಗೆ ಬಂದು ಸೊನ್ ಹ್ವಾ-ಜುಂಗ್ ಅವರ ಜೊತೆಗೂಡಿದರು. ಜೊನ್ ಹುಟ್ಟಿದ್ದೂ ಗೊಚಾಂಗ್‌ನಲ್ಲೇ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಏಪ್ರಿಲ್ 25ರಂದು ಈಗಿನ ಗೊಂಗುಮ್ ಹೋಬಳಿಯ ಗುಸು ಹಳ್ಳಿಯಲ್ಲಿ ಅವರು ಹೊರಡಿಸಿದ ಘೋಷಣೆ, ಪ್ರಜೆಗಳೇ ದೇಶದ ಬೇರು, ಬೇರು ಸೊರಗಿದರೆ ದೇಶ ಉಳಿಯದು ಎಂದು ಸಾರಿತು. ಒಂದು ಊರಿನ ದೂರಾಗಿದ್ದದ್ದು ಅಲ್ಲಿಂದ ಮುಂದೆ ಇಡೀ ಪ್ರಾಂತ್ಯದ ದಂಗೆಯಾಯಿತು. ಜೊಂಜು ನಗರ ರೈತರ ಕೈಸೇರಿತು, ಚೀನಾ ಮತ್ತು ಜಪಾನಿನ ಸೇನೆಗಳು ಕೊರಿಯಾಕ್ಕೆ ಇಳಿದವು, ವರ್ಷದ ಕೊನೆಗೆ ದಂಗೆ ನೆಲಕಚ್ಚಿತು. 1895ರಲ್ಲಿ ಜೊನ್ ಅವರನ್ನು ಗಲ್ಲಿಗೇರಿಸಲಾಯಿತು.

ಗುಸು ಹಳ್ಳಿಗೆ ಬಸ್ಸುಗಳು ವಿರಳ. ದಾರಿಯ ಎರಡೂ ಬದಿ ಹಸಿರು ಬಾರ್ಲಿ ಹೊಲಗಳು, ಮತ್ತು ಹತ್ತಿರದಲ್ಲೇ ಇರುವ ಹಾಗ್ವೊನ್ ತೋಟದ ಬಾರ್ಲಿ ಉತ್ಸವಕ್ಕೆ ಬಂದ ಕಾರುಗಳ ಸಾಲು. ಅಷ್ಟು ಜನರಲ್ಲಿ ದಂಗೆಯ ನೆಲೆಗೆ ತಿರುಗಿದವರು ಕೆಲವೇ ಮಂದಿ. ದೊಂಗ್‌ಹಾಕ್ ದಂಗೆಯ ದಾಖಲೆಗಳು 2023ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿವೆ. ಕೊರಿಯಾ ಸರ್ಕಾರ ಈ ದಂಗೆಯ ರಾಷ್ಟ್ರೀಯ ಸ್ಮರಣೆಗೆ 2019ರಿಂದ ಮೇ 11ನ್ನು, ಅಂದರೆ ಜೊಂಗುಪ್‌ನ ಹ್ವಾಂಗ್ತೊಹ್ಯೊನ್‌ನಲ್ಲಿ ರೈತರು ಗೆದ್ದ ದಿನವನ್ನು, ಆರಿಸಿಕೊಂಡಿದೆ. ಗೊಚಾಂಗ್‌ನವರು ಮಾತ್ರ ಮುಜಾಂಗ್‌ನ ಘೋಷಣೆಯ ದಿನವೇ ಆಗಬೇಕಿತ್ತೆಂದು ವಾದಿಸಿದ್ದರು. ಘೋಷಣೆಯ ಪಾಠವನ್ನು ಓದಿದ ಮೇಲೆ ನನಗೂ ಅವರ ವಾದವೇ ಸರಿಯೆನಿಸಿತು: ಗೆದ್ದ ಕದನಕ್ಕಿಂತ, ಯಾತಕ್ಕಾಗಿ ಎದ್ದೆವೆಂದು ರೈತರು ಬರೆದು ಸಾರಿದ ದಿನ ದೊಡ್ಡದು.