ಮಾರಿಷಸ್‌ನ ದಫ್ತರಗಳ ನಡುವೆ: ವಂಶಮೂಲ ಹುಡುಕುವ ಕೆಲಸ ಕಲಿಸಿದ್ದು

ನಾನು ಕೆಲಸ ಮಾಡುವುದು ವಂಶಮೂಲ ಹುಡುಕಿಕೊಡುವ ಒಂದು ಸಣ್ಣ ಕಚೇರಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಸಮುದ್ರ ದಾಟಿದ ಕೂಲಿಗಳ ಮರಿಮಕ್ಕಳು, ತಮ್ಮ ಹಿರಿಯರು ಭಾರತದ ಯಾವ ಊರಿನವರೆಂದು ಕೇಳಿ ನಮಗೆ ಬರೆಯುತ್ತಾರೆ. ನಾವು ಹಡಗಿನ ಪಟ್ಟಿ, ವಲಸೆ ರಿಜಿಸ್ಟರು, ಜನನ, ವಿವಾಹ ಮತ್ತು ಮರಣದ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ, ಸಿಕ್ಕಷ್ಟನ್ನು ವರದಿಯಾಗಿ ಬರೆದು ಕೊಡುತ್ತೇವೆ. ನನಗೆ ವಹಿಸಿದ ವಿಭಾಗ ಮಾರಿಷಸ್. ಹಳೆಯ ಕೈಬರಹವನ್ನು ಬಿಡಿಸುವ ಜಾಣ್ಮೆ ಈ ಕೆಲಸಕ್ಕೆ ಬೇಕೇ ಬೇಕು. ಆದರೆ ಆ ಬರಹ ಯಾರ ಲಾಭಕ್ಕಾಗಿ ಹುಟ್ಟಿತು ಎಂಬುದನ್ನು ಅರಿಯದೆ ಅದನ್ನು ಓದಿದರೆ, ಓದಿದ್ದು ಅರ್ಧ ಮಾತ್ರ ಆಗುತ್ತದೆ ಎಂಬುದನ್ನು ಈ ದ್ವೀಪದ ದಫ್ತರಗಳೇ ನನಗೆ ಕಲಿಸಿದವು. ವಸಾಹತು ಆಡಳಿತವು ಅಲ್ಲಿನ ಕೆಲವರ ಬಗ್ಗೆ ರಾಶಿ ರಾಶಿ ಕಾಗದ ಬರೆದಿಟ್ಟಿತು, ಕೆಲವರ ಬಗ್ಗೆ ಹೆಚ್ಚುಕಡಿಮೆ ಏನನ್ನೂ ಬರೆಯಲಿಲ್ಲ. ಆ ತಾರತಮ್ಯವು ಇಂದಿಗೂ ಅಲ್ಲಿನ ಜನರು ತಮ್ಮನ್ನು ಯಾರೆಂದು ಹೇಳಿಕೊಳ್ಳಬಲ್ಲರು ಎಂಬುದನ್ನು ನಿರ್ಧರಿಸುತ್ತಿದೆ.

ಮಾರಿಷಸ್‌ನಲ್ಲಿ ಮೂಲನಿವಾಸಿಗಳು ಇರಲಿಲ್ಲ. 1598ರಲ್ಲಿ ಡಚ್ಚರು ಬಂದು ತಮ್ಮ ರಾಜಕುಮಾರನ ಹೆಸರಿಟ್ಟರು, 1710ರಲ್ಲಿ ಬಿಟ್ಟು ಹೋದರು. 1715ರಲ್ಲಿ ಫ್ರೆಂಚರು ವಶಪಡಿಸಿಕೊಂಡು ಮಡಗಾಸ್ಕರ್, ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ತೀರಗಳಿಂದ ಗುಲಾಮರನ್ನು ತಂದರು. ಪುದುಚೇರಿಯಿಂದ ಕುಶಲಕರ್ಮಿಗಳನ್ನೂ ಕರೆಸಿಕೊಂಡರು. 1810ರಲ್ಲಿ ಬ್ರಿಟಿಷರು ಗೆದ್ದರಾದರೂ ಶರಣಾಗತಿಯ ಷರತ್ತಿನಂತೆ ಫ್ರೆಂಚ್ ತೋಟದೊಡೆಯರ ಕಾನೂನು, ಭಾಷೆ ಮತ್ತು ಆಸ್ತಿಯನ್ನು ಹಾಗೆಯೇ ಉಳಿಸಿದರು. ಹೀಗಾಗಿ ಅಲ್ಲಿನ ಪ್ರತಿಯೊಂದು ಮನೆತನದ ಕಥೆಯೂ ಒಂದು ಹಡಗಿನಿಂದ ಆರಂಭವಾಗುತ್ತದೆ. ಆ ಹಡಗಿನಲ್ಲಿ ಬಂದವರನ್ನು ಯಾವ ಹೆಸರಿನಲ್ಲಿ, ಯಾವ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು ಎಂಬಲ್ಲಿಂದ ಮುಂದಿನ ಭೇದಗಳೆಲ್ಲ ಹೊರಡುತ್ತವೆ.

1835ರ ಫೆಬ್ರವರಿ 1ರಂದು ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು. ಕಬ್ಬಿನ ಗದ್ದೆಗೆ ಅಗ್ಗದ ದುಡಿಮೆ ಬೇಕೆಂದು ಒಡೆಯರು ಅದಕ್ಕೂ ಮೊದಲೇ ಭಾರತದತ್ತ ತಿರುಗಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು 36 ಮಂದಿ ಕೂಲಿಗಳನ್ನು ಪೋರ್ಟ್ ಲೂಯಿಗೆ ತಂದಿತ್ತು. ಅಲ್ಲಿಂದ 20ನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಭಾರತದಿಂದ ಆ ಬಂದರಿಗೆ ಬಂದಿಳಿದರು. ಅವರು ಹತ್ತಿದ 16 ಕಲ್ಲಿನ ಮೆಟ್ಟಿಲುಗಳು ಆಪ್ರವಾಸಿ ಘಾಟ್ ಎಂಬ ಹೆಸರಿನಲ್ಲಿ 2006ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿವೆ. ಬಹುಪಾಲಿನವರು ಬಿಹಾರ ಮತ್ತು ಇಂದಿನ ಪೂರ್ವ ಉತ್ತರ ಪ್ರದೇಶದ ಭೋಜಪುರಿ ಸೀಮೆಯವರು. ಉಳಿದವರು ಮದ್ರಾಸ್ ಮತ್ತು ಮುಂಬಯಿ ಬಂದರುಗಳಿಂದ ಹೊರಟ ತಮಿಳರು, ತೆಲುಗರು, ಮರಾಠಿಗರು.

ಅವರ ರಿಜಿಸ್ಟರುಗಳಲ್ಲಿ ಇರುವ ಕಾಲಂಗಳನ್ನು ನೋಡಿ: ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ಪರಗಣ, ಊರು, ಹಡಗು, ಯಾವ ತೋಟಕ್ಕೆ ಕಳುಹಿಸಲಾಯಿತು. ವಂಶ ಹುಡುಕುವವನಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕಿಲ್ಲ. ಕೇಳಿದ್ದನ್ನು ಕಿವಿಗೆ ತೋಚಿದಂತೆ ಬರೆದ ಗುಮಾಸ್ತನ ಕಾಗುಣಿತವನ್ನು ಬಿಡಿಸಿ, ಅಂದಿನ ಜಿಲ್ಲೆ ಇಂದು ಯಾವುದಾಗಿದೆ ಎಂದು ಪತ್ತೆ ಮಾಡಿದರೆ (ಶಾಹಾಬಾದ್ ಜಿಲ್ಲೆಯನ್ನು 1972ರಲ್ಲಿ ಭೋಜಪುರ, ರೋಹ್ತಾಸ್ ಎಂದು ಒಡೆದ ಹಾಗೆ), ಅನೇಕ ಸಲ ಊರು ಸಿಕ್ಕಿಬಿಡುತ್ತದೆ. ಆದರೆ ಆ ಎತ್ತರ, ಆ ಗಾಯದ ಕಲೆ, ಆ ಸಂಖ್ಯೆ ಯಾವುವೂ ಮೊಮ್ಮಕ್ಕಳಿಗೆಂದು ಬರೆದವಲ್ಲ. ಐದು ವರ್ಷದ ಕರಾರಿನಲ್ಲಿ, ತಿಂಗಳಿಗೆ ಐದು ರೂಪಾಯಿ ಮತ್ತು ಪಡಿಗೆ ದುಡಿಯಲು ಬಂದವನು ಓಡಿಹೋದರೆ ಹಿಡಿದು ತರಲು ಬೇಕಾದ ವಿವರಗಳು ಅವು. ಒಂದು ದಿನ ಕೆಲಸಕ್ಕೆ ಬಾರದವನ ಎರಡು ದಿನದ ಕೂಲಿ ಕತ್ತರಿಸುವ ಪದ್ಧತಿ ಇದ್ದ ತೋಟಗಳಲ್ಲಿ ಲೆಕ್ಕ ಇಷ್ಟು ಬಿಗಿಯಾಗಿ ಇರಲೇಬೇಕಾಗಿತ್ತು.

ಅದು ಇನ್ನೂ ಬಿಗಿಯಾದದ್ದು 1867ರ ಕಾನೂನಿನಿಂದ. ಕರಾರು ಮುಗಿಸಿ ಸ್ವತಂತ್ರರಾದವರೂ ತಮ್ಮ ಭಾವಚಿತ್ರ ಅಂಟಿಸಿದ ಚೀಟಿಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕಾಯಿತು. ಚೀಟಿ ಇಲ್ಲದೆ ರಸ್ತೆಯಲ್ಲಿ ಸಿಕ್ಕವರನ್ನು ಪೊಲೀಸರು ಅಲೆಮಾರಿಗಳೆಂದು ಹಿಡಿದೊಯ್ಯುತ್ತಿದ್ದರು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ತೋಟಗಾರನ ನೆರವಿನಿಂದ 9,401 ಮಂದಿ ಇದರ ವಿರುದ್ಧ ಅರ್ಜಿ ಸಲ್ಲಿಸಿದರು. ಮರುವರ್ಷ ರಾಯಲ್ ಕಮಿಷನ್ ಬಂದು ವಿಚಾರಣೆ ನಡೆಸಿತು. ಇಂದು ಅದೇ ಭಾವಚಿತ್ರದ ಪ್ರತಿಯನ್ನು ನಾವು ಕಳುಹಿಸಿದಾಗ ಮನೆಯವರು ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಯ ಮೇಲೆ ತೂಗುಹಾಕುತ್ತಾರೆ. ಹಿಡಿಯುವುದಕ್ಕೆಂದು ತೆಗೆಸಿದ ಚಿತ್ರ ಹೀಗೆ ಗೌರವದ ಚಿತ್ರವಾಗುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ದಾಖಲೆಯ ಮೇಲೆ ಅದರಲ್ಲಿರುವವನ ಸಂತಾನಕ್ಕೆ, ಅದನ್ನು ಬರೆಸಿದವನಿಗಿಂತ ಹೆಚ್ಚಿನ ಹಕ್ಕಿದೆ. ಆದರೂ ಆ ಚಿತ್ರ ಏಕೆ ಇದೆ ಎಂಬ ಒಂದು ಪುಟವನ್ನು ಅದರ ಜೊತೆಗೇ ಇಡದೆ ಈಗ ನಾನು ಯಾವ ವರದಿಯನ್ನೂ ಕಳುಹಿಸುವುದಿಲ್ಲ.

ಮನೆತನದ ಹೆಸರುಗಳೂ ಹೀಗೆಯೇ ರೂಪುಗೊಂಡವು. ನಮ್ಮ ಹಳ್ಳಿಗಾಡಿನವರಿಗೆ ಬೇಕಿರದಿದ್ದ ಕುಟುಂಬದ ಹೆಸರು ಅಲ್ಲಿನ ಫ್ರೆಂಚ್ ಮಾದರಿಯ ನಾಗರಿಕ ದಾಖಲೆಗೆ ಬೇಕಾಗಿತ್ತು. ತಂದೆಯ ಅಂಕಿತನಾಮವೇ ಮಗನ ಮನೆತನದ ಹೆಸರಾಯಿತು, ಕೆಲವೊಮ್ಮೆ ಒಡಹುಟ್ಟಿದವರೇ ಬೇರೆ ಬೇರೆ ಮನೆತನದ ಹೆಸರು ಹೊತ್ತರು. ಶಾಸ್ತ್ರೋಕ್ತವಾಗಿ ಆದ ಮದುವೆಗೆ ಕಾನೂನಿನ ಮಾನ್ಯತೆ ಇರದಿದ್ದುದರಿಂದ, ಅಗ್ನಿಸಾಕ್ಷಿಯಾಗಿ ಕೈಹಿಡಿದ ದಂಪತಿಯ ಮಕ್ಕಳು ದಫ್ತರದಲ್ಲಿ ಮದುವೆಯಾಚೆಗೆ ಹುಟ್ಟಿದವರೆಂದು ನಮೂದಾಗುತ್ತಿದ್ದರು. ಈ ನಮೂದನ್ನು ಕಂಡು ನೊಂದ ಮೊಮ್ಮಕ್ಕಳಿಗೆ ಹಿನ್ನೆಲೆಯನ್ನು ಬಿಡಿಸಿ ಹೇಳುವುದು ನಮ್ಮ ಕೆಲಸದ ಬಹುಮುಖ್ಯ ಭಾಗ.

ಕನ್ನಡಿಗನಾಗಿ ನಾನು ಸಹಜವಾಗಿಯೇ ನಮ್ಮವರ ಜಾಡನ್ನೂ ಹುಡುಕುತ್ತೇನೆ. ಬಳ್ಳಾರಿಯಾಗಲಿ ದಕ್ಷಿಣ ಕನ್ನಡವಾಗಲಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿಂದ ಯಾರಾದರೂ ಮದ್ರಾಸಿನಲ್ಲಿ ಹಡಗು ಹತ್ತಿದ್ದರೆ ಬಂದರಿನ ಲೆಕ್ಕ ಅವರನ್ನು ಮದ್ರಾಸಿನವರೆಂದೇ ಎಣಿಸಿತು, ಆಡುಭಾಷೆಗೆ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಇಂದಿನ ಮಾರಿಷಸ್‌ನಲ್ಲಿ ತಮಿಳು, ತೆಲುಗು, ಮರಾಠಿ ಎಂಬ ಗುರುತುಗಳು ಬಲವಾಗಿ ಉಳಿದಿವೆ, ಶಾಲೆಗಳಲ್ಲಿ ಆ ಭಾಷೆಗಳನ್ನು ಕಲಿಸುತ್ತಾರೆ. ಸಂಖ್ಯೆಯಲ್ಲಿ ಕಡಿಮೆಯಿದ್ದವರು ದೊಡ್ಡ ಗುಂಪಿನ ಹೆಸರಿನೊಳಗೆ ಕರಗಿಹೋದರು.

ಭಾರತೀಯ ಮೂಲದವರ ಕೋರಿಕೆಗಳ ನಡುವೆ ಆಗಾಗ ಕ್ರಿಯೋಲ್ ಕುಟುಂಬಗಳ, ಎಂದರೆ ಆ ಗುಲಾಮರ ವಂಶಜರ, ಕೋರಿಕೆಯೂ ಬರುತ್ತದೆ. ಅವರು ಕೇಳುವುದೂ ಅದೇ ಪ್ರಶ್ನೆ: ನಮ್ಮ ಹಿರಿಯರು ಎಲ್ಲಿಯವರು? ಆಗ ನಾನು ತೆರೆಯಬೇಕಾದದ್ದು ಗುಲಾಮರ ರಿಜಿಸ್ಟರು. ಅದು ಒಡೆಯನ ಹೆಸರಿನಿಂದ ಆರಂಭವಾಗುತ್ತದೆ, ಏಕೆಂದರೆ ಅದು ಆಸ್ತಿಯ ಪಟ್ಟಿ. ಒಡೆಯ ಕೊಟ್ಟ ಒಂದೇ ಹೆಸರು ಇರುತ್ತದೆ: ಒಂದು ತಿಂಗಳಿನದೋ, ವಾರದ ದಿನದ್ದೋ, ರೋಮನ್ ದೇವತೆಯದ್ದೋ. ಮೂಲದ ಕಾಲಂನಲ್ಲಿ ಮೊಜಾಂಬಿಕ್ ಎಂದು ಬರೆದಿದ್ದರೆ ಅದು ಹಡಗು ಹೊರಟ ತೀರವನ್ನು ಹೇಳುತ್ತದೆಯೇ ಹೊರತು, ಆ ಮನುಷ್ಯ ಒಳನಾಡಿನ ಯಾವ ಜನಾಂಗದವನು, ಯಾವ ಊರಿನಿಂದ ಸೆರೆಯಾದ ಎಂಬುದನ್ನಲ್ಲ. ತಂದೆಯ ಹೆಸರಿನ ಕಾಲಂ ಇಲ್ಲ. ಕರಾರು ಕೂಲಿಯ ತಂದೆಯ ಹೆಸರು ಸರ್ಕಾರಕ್ಕೆ ಬೇಕಾಗಿತ್ತು, ಗುಲಾಮನ ತಂದೆಯ ಹೆಸರು ಬೇಕಾಗಿರಲಿಲ್ಲ. ಬಿಡುಗಡೆಯ ಹೊತ್ತಿನಲ್ಲಿ ದ್ವೀಪದಲ್ಲಿ 60 ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಬ್ರಿಟಿಷ್ ಸಂಸತ್ತು ಮಂಜೂರು ಮಾಡಿದ ಎರಡು ಕೋಟಿ ಪೌಂಡ್ ಪರಿಹಾರದಲ್ಲಿ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಮಾರಿಷಸ್‌ನ ಒಡೆಯರಿಗೆ ಸಂದಿತು. ಆ ಪರಿಹಾರದ ಲೆಕ್ಕವನ್ನು ಕಾಪಾಡಿದಷ್ಟು ಎಚ್ಚರದಿಂದ ಬಿಡುಗಡೆಯಾದವರ ಬಂಧುತ್ವವನ್ನು ಯಾರೂ ಬರೆದಿಡಲಿಲ್ಲ. ಇಂಥ ಕುಟುಂಬಗಳಿಗೆ ನಾನು ಕೊಡುವ ವರದಿ ಕೆಲವು ಪುಟಗಳಲ್ಲಿ ಮುಗಿದುಹೋಗುತ್ತದೆ. ಅದೇ ತೋಟದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ಅದೇ ಕಬ್ಬು ಕಡಿದ ಭಾರತೀಯನ ವರದಿ ದಪ್ಪ ಪುಸ್ತಕವಾಗುತ್ತದೆ. ಇದು ನನಗೆ ಈ ವೃತ್ತಿಯ ಅತ್ಯಂತ ಭಾರವಾದ ಭಾಗ.

ಈ ಅಂತರ ರಾಜ್ಯಾಂಗದವರೆಗೂ ಹೋಗಿದೆ. 19ನೆಯ ಶತಮಾನದ ಜನಗಣತಿಗಳು ಭಾರತೀಯರನ್ನು ಪ್ರತ್ಯೇಕವಾಗಿ ಎಣಿಸಿ, ಉಳಿದವರನ್ನು ಸಾಮಾನ್ಯ ಜನಸಂಖ್ಯೆ ಎಂಬ ಹೆಸರಿನಡಿ ಸೇರಿಸಿದವು. ಬಿಳಿಯ ತೋಟದೊಡೆಯನೂ ಅವನಿಂದ ಬಿಡುಗಡೆ ಹೊಂದಿದವರ ಮಕ್ಕಳೂ ಒಂದೇ ಗುಂಪಾದರು. 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾದಾಗ ರಾಜ್ಯಾಂಗವು ಹಿಂದೂ, ಮುಸ್ಲಿಂ, ಚೀನೀ ಮೂಲದವರು ಎಂದು ಮೂರು ಸಮುದಾಯಗಳನ್ನು ಹೆಸರಿಸಿತು. ಜೀವನಕ್ರಮದಿಂದ ಈ ಮೂರರಲ್ಲಿ ಯಾವುದಕ್ಕೂ ಸೇರದಂತೆ ಕಾಣುವವರೆಲ್ಲ ಸಾಮಾನ್ಯ ಜನಸಂಖ್ಯೆಗೆ ಸೇರಿದವರೆಂದು ವಿಧಿಸಿತು. ಒಂದು ಇಡೀ ಜನ ತಮ್ಮ ಗುರುತನ್ನು, ತಾವು ಏನಲ್ಲವೋ ಅದರ ಮೂಲಕ ಪಡೆಯಬೇಕಾಯಿತು. ಸಮುದಾಯವನ್ನು ಕೇಳಿದ ಕೊನೆಯ ಜನಗಣತಿ 1972ರದು; ಸಂಸತ್ತಿನಲ್ಲಿ ಸಮುದಾಯಗಳ ಸಮತೋಲಕ್ಕೆಂದು ಮೀಸಲಿಟ್ಟ ಎಂಟು ಹೆಚ್ಚುವರಿ ಸ್ಥಾನಗಳ ಹಂಚಿಕೆಗೆ ಬಹುಕಾಲ ಆ ಹಳೆಯ ಎಣಿಕೆಯೇ ಆಧಾರವಾಯಿತು. ವಿಶೇಷವೆಂದರೆ ಗುಲಾಮರ ನಡುವೆ ಹುಟ್ಟಿ ಬೆಳೆದ ಕ್ರಿಯೋಲ್ ಭಾಷೆಯೇ ಇಂದು ಭಾರತೀಯ ಮೂಲದವರೂ ಸೇರಿ ಹೆಚ್ಚಿನ ಮನೆಗಳ ಮಾತು. ಆದರೂ ಅದು ಒಂದು ಪಾಠ್ಯವಿಷಯವಾಗಿ ಪ್ರಾಥಮಿಕ ಶಾಲೆಗೆ ಪ್ರವೇಶಿಸಿದ್ದು 2012ರಲ್ಲಿ.

ಇದನ್ನು ಹೇಳುವಾಗ ಭಾರತೀಯರಿಗೆ ಎಲ್ಲವೂ ಸುಲಭವಾಗಿ ದಕ್ಕಿತು ಎಂಬ ಅರ್ಥ ಬರಬಾರದು. ತೋಟಗಳ ಬೈಠಕಾಗಳಲ್ಲಿ, ಎಂದರೆ ಜನ ಕೂಡಿ ಕಲಿಯುತ್ತಿದ್ದ ಕೂಟದ ಮನೆಗಳಲ್ಲಿ, ದುಡಿದು ದಣಿದ ಸಂಜೆಗಳಲ್ಲಿ ಅಕ್ಷರ ಕಲಿತವರು ಅವರು. ದ್ವೀಪದಲ್ಲಿ ಆಡುವ ಯಾವುದಾದರೂ ಒಂದು ಭಾಷೆಯನ್ನು ಓದಿ ಬರೆಯಬಲ್ಲವರಿಗೆ 1947ರ ಸುಧಾರಣೆ ಮತದ ಹಕ್ಕು ಕೊಟ್ಟಾಗ, ಸಮಾಜ ಸುಧಾರಕ ಬಾಸದೇವ ಬಿಸೂನ್‌ದಯಾಳರ ಚಳವಳಿ ಊರೂರಿನಲ್ಲಿ ಜನರಿಗೆ ಅಕ್ಷರ ಕಲಿಸಿತು, 1948ರ ಚುನಾವಣೆಯ ಸ್ವರೂಪವೇ ಬದಲಾಯಿತು. ಆದರೆ ಹಿಂದಿರುಗಿ ನೋಡಲು ಒಂದು ಊರಿನ ಹೆಸರು ಇರುವುದು ಎಂಥ ಆಸರೆ ಎಂಬುದು, ಅದಿಲ್ಲದವರ ಪತ್ರಗಳನ್ನು ಓದಿದಾಗಲೇ ನನಗೆ ಪೂರ್ತಿ ಅರಿವಾದದ್ದು. 2024ರ ಮಾರ್ಚಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಮಾರಿಷಸ್‌ಗೆ ಹೋಗಿದ್ದಾಗ, ಅಲ್ಲಿನ ಭಾರತೀಯ ಮೂಲದವರ ಏಳನೆಯ ತಲೆಮಾರಿಗೂ ಸಾಗರೋತ್ತರ ಪೌರತ್ವದ ಕಾರ್ಡು ಸಿಗುವಂತೆ ಮಾಡುವ ಪ್ರಕಟಣೆ ಹೊರಬಿತ್ತು. ಪೊಲೀಸರಿಗಾಗಿ ಬರೆದಿಟ್ಟ ಆ ರಿಜಿಸ್ಟರು ಈಗ ಇನ್ನೊಂದು ದೇಶದ ಬಾಗಿಲು ತೆರೆಯುವ ಪುರಾವೆಯಾಗಿದೆ. ಮೊಜಾಂಬಿಕ್ ಎಂಬ ಒಂದು ಪದ ಯಾರಿಗೂ ಅಂಥ ಬಾಗಿಲನ್ನು ತೆರೆಯುವುದಿಲ್ಲ.

ಹಾಗಾಗಿ ಕ್ರಿಯೋಲ್ ಕುಟುಂಬಗಳ ವರದಿಯನ್ನು ನಾವು ಬೇರೆ ರೀತಿಯಲ್ಲಿ ಕಟ್ಟಲು ಆರಂಭಿಸಿದೆವು. ಹಿಂದಕ್ಕೆ ಹೋಗುವ ದಾರಿ ಮುಚ್ಚಿದಲ್ಲಿ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತೇವೆ: ಒಂದೇ ತೋಟದ ಪಟ್ಟಿಯಲ್ಲಿ ಯಾರ ಜೊತೆ ಯಾರ ಹೆಸರಿದೆ, ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿಗೆ ಧರ್ಮಪಿತ ಯಾರಾದರು, ಬಿಡುಗಡೆಯ ನಂತರ ಯಾರು ಎಲ್ಲಿ ತುಂಡು ಭೂಮಿ ಕೊಂಡರು, ಅದು ಅವರ ಕೈತಪ್ಪಿದ್ದು ಹೇಗೆ. ಗುಲಾಮಗಿರಿ ಮತ್ತು ಕರಾರು ಕೂಲಿಯ ಪರಿಣಾಮಗಳನ್ನು ವಿಚಾರಿಸಲು ಮಾರಿಷಸ್ ನೇಮಿಸಿದ ಸತ್ಯ ಮತ್ತು ನ್ಯಾಯ ಆಯೋಗವು 2011ರಲ್ಲಿ ಕೊಟ್ಟ ವರದಿಯಲ್ಲಿ ಭೂಮಿ ಕಳೆದುಕೊಂಡವರ ಅಹವಾಲುಗಳಿಗೆ ದೊಡ್ಡ ಸ್ಥಾನವಿದೆ, ನಮ್ಮ ಈ ಕ್ರಮಕ್ಕೆ ಧೈರ್ಯ ಬಂದದ್ದು ಅದನ್ನು ಓದಿದ ಮೇಲೆ.

ಕಾಗದದ ಅನ್ಯಾಯ ಅತಿ ಕ್ರೂರವಾಗಿ ಕಾಣುವುದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಜನರ ವಿಷಯದಲ್ಲಿ. 18ನೆಯ ಶತಮಾನದ ಕೊನೆಯಿಂದ ತೆಂಗಿನ ತೋಟಗಳಿಗೆ ಗುಲಾಮರಾಗಿ ಬಂದು, ತಲೆಮಾರುಗಳ ಕಾಲ ಅಲ್ಲಿಯೇ ನೆಲೆಸಿದವರನ್ನು, 1965ರಲ್ಲಿ ಬ್ರಿಟನ್ ಆ ದ್ವೀಪಗಳನ್ನು ಮಾರಿಷಸ್‌ನಿಂದ ಕತ್ತರಿಸಿಕೊಂಡು ದಿಯೆಗೊ ಗಾರ್ಸಿಯವನ್ನು ಅಮೆರಿಕದ ಸೇನಾನೆಲೆಗೆ ಕೊಟ್ಟಾಗ, 1973ರ ಹೊತ್ತಿಗೆ ಪೂರ್ತಿಯಾಗಿ ಹೊರಹಾಕಲಾಯಿತು. ಅವರಲ್ಲಿ ಯಾರೂ ಕಾಯಂ ನಿವಾಸಿಗಳಲ್ಲ, ತೋಟಗಳಿಗೆ ಬಂದು ಹೋಗುವ ಕರಾರು ಕೆಲಸಗಾರರು ಮಾತ್ರ ಎಂದು ತೋರಿಸುವ ನಿಲುವನ್ನು ಬ್ರಿಟಿಷ್ ಅಧಿಕಾರಿಗಳು ಬೇಕೆಂದೇ ತಳೆದರು. ಮುಂದೆ 1982ರಲ್ಲಿ 40 ಲಕ್ಷ ಪೌಂಡ್ ಪರಿಹಾರ ಬಂದಾಗ, ಓದು ಬರಹ ತಿಳಿಯದ ಅನೇಕರು ಇಂಗ್ಲಿಷಿನಲ್ಲಿದ್ದ, ಮರಳುವ ಹಕ್ಕನ್ನು ಬಿಟ್ಟುಕೊಡುವ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದರು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಆ ದ್ವೀಪಗಳನ್ನು ಬೇರ್ಪಡಿಸಿದ್ದು ಕಾನೂನುಬಾಹಿರವೆಂದು ಅಭಿಪ್ರಾಯಪಟ್ಟಿತು, 2025ರ ಮೇ 22ರಂದು ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಒಪ್ಪಿಸುವ, ದಿಯೆಗೊ ಗಾರ್ಸಿಯವನ್ನು 99 ವರ್ಷ ಬ್ರಿಟನ್ನಿನ ಬಳಕೆಗೆ ಉಳಿಸುವ ಒಪ್ಪಂದಕ್ಕೆ ಸಹಿ ಬಿದ್ದಿತು. ಆ ಮಾತುಕತೆಯ ಮೇಜಿನ ಬಳಿ ತಮಗೆ ಜಾಗವಿರಲಿಲ್ಲ ಎಂಬುದು ಚಾಗೋಸಿಗರಲ್ಲಿ ಅನೇಕರ ನೋವು. ಇತ್ತ 2022ರ ಕಾನೂನಿನಂತೆ ಅವರ ವಂಶಜರು ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಅಜ್ಜಿಯೋ ಮುತ್ತಜ್ಜಿಯೋ ಚಾಗೋಸ್‌ನಲ್ಲಿಯೇ ಹುಟ್ಟಿದರೆಂಬ ದಾಖಲೆ ಬೇಕು. ಅಲ್ಲಿ ಯಾರೂ ನೆಲೆಸಿರಲಿಲ್ಲ ಎಂದು ಬರೆದ ಸರ್ಕಾರದ ಮುಂದೆಯೇ, ಅಲ್ಲಿ ಹುಟ್ಟಿದ್ದಕ್ಕೆ ಪುರಾವೆ ತೋರಿಸಬೇಕಾಗಿದೆ. ಅಂಥ ಕುಟುಂಬಗಳ ಕೋರಿಕೆಗಳನ್ನು ನಮ್ಮ ಕಚೇರಿಯಲ್ಲಿ ಈಗ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುತ್ತೇವೆ, ಅವಕ್ಕೆ ಶುಲ್ಕ ಪಡೆಯುವುದಿಲ್ಲ.