ಪೈಪು ತಿನ್ನುವ ಒತ್ತಡ

ಫೈರ್ ಎಂಜಿನ್ ಪಂಪು ಎಷ್ಟೇ ಜೋರಾಗಿ ತಳ್ಳಲಿ, ಅದರಲ್ಲೊಂದು ಪಾಲನ್ನು ದಾರಿಯಲ್ಲೇ ಹೋಸ್ ಪೈಪು ತಿಂದುಬಿಡುತ್ತದೆ. ಅದೇ ಪೈಪಿನಲ್ಲಿ ಎರಡರಷ್ಟು ನೀರು ಹಾಯಿಸಿದರೆ ಘರ್ಷಣೆಗೆ ಹೋಗುವ ಒತ್ತಡ ಎರಡರಷ್ಟಲ್ಲ, ಹೆಚ್ಚುಕಮ್ಮಿ ನಾಲ್ಕರಷ್ಟು! ಅದಕ್ಕೇ ಘರ್ಷಣೆ ಕಡಿಮೆಯಿರುವ ದಪ್ಪ ಪೈಪನ್ನು ಬೆಂಕಿಯ ಹತ್ತಿರದವರೆಗೂ ಎಳೆದು, ಅಲ್ಲಿ ಕವಲು ಹಾಕಿ, ಕೈಯಲ್ಲಿ ಹಿಡಿದು ಓಡಾಡುವಷ್ಟಕ್ಕೆ ಮಾತ್ರ ಸಣ್ಣದನ್ನು ಜೋಡಿಸುವುದು. ಮೇಲಿನ ಮಹಡಿಗಾದರೆ ಪ್ರತಿ 10 ಮೀಟರ್ ಏರಿಕೆಗೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಖರ್ಚು. ಇದರಲ್ಲಿ ಚೌಕಾಸಿಯೇ ಇಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಬಾಗಿಲ ಮೂಲೆಯಲ್ಲಿ ಪೈಪು ಒಮ್ಮೆ ಮಡಚಿಕೊಂಡರೆ ಮುಗೀತು, ಪೈಪಿನ ತುದಿಯ ನಾಝಲ್‌ನಲ್ಲಿ ಧಾರೆ ಸೊರಗುತ್ತದೆ. ಹಾಗಾಗಿ ಬೆಂಕಿ ಆರಿಸುವ ವಿಡಿಯೊ ನೋಡುವಾಗೆಲ್ಲ ನನ್ನ ಕಣ್ಣು ಮುಂದೆ ನಾಝಲ್ ಹಿಡಿದವರಿಗಿಂತ ಹಿಂದೆ ಬಗ್ಗಿ ಮಡಿಕೆ ಬಿಡಿಸುತ್ತಿರುವವರ ಮೇಲೇ. ಚಪ್ಪಾಳೆ ಅವರಿಗೂ ಸೇರಬೇಕು ಕಣ್ರೀ.